ಹಗ್ಗದ ಈಚೆ ತುದಿ

ಅವರ ಎರಡೂ ಅಂಗೈಗಳಲ್ಲಿ ಗೆರೆಗಳೇ ಇರಲಿಲ್ಲ. ಬೆರಳ ಬುಡದಿಂದ ಮಣಿಕಟ್ಟಿನ ತನಕ ಚರ್ಮ ಮೇಣ ಸವರಿದ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಬಿಸಿ ಕಾಫಿ ಕೊಟ್ಟರೆ ಲೋಟವನ್ನು ಅಂಗೈಗೆ ತಾಗಿಸದೆ, ಬೆರಳ ತುದಿಗಳಲ್ಲೇ ಎತ್ತಿ ಕುಡಿಯುತ್ತಿದ್ದರು. ಮೂರ್ನಾಡಿನ ಸಂತೆಗೆ ಬರುತ್ತಿದ್ದ ಕೈ ನೋಡಿ ಭವಿಷ್ಯ ಹೇಳುವವನೊಬ್ಬ ನನ್ನ ಅಂಗಡಿಯ ಮುಂದೆ ಅವರನ್ನು ಹಿಡಿದುಕೊಂಡ. ಬಲಗೈ ನೋಡಿದ, ಎಡಗೈ ನೋಡಿದ, ಮತ್ತೆ ಬಲಗೈ ನೋಡಿದ. ಆಮೇಲೆ ಮಾತಿಲ್ಲದೆ ಎದ್ದು ನಡೆದೇಬಿಟ್ಟ.

"ಯಾಕೋ ತಮ್ಮಾ, ನನ್ನ ಹಣೇಬಾರ ನೋಡಿ ನೀ ಓಡಾಕತ್ತಿಯಲ್ಲ!" ಎಂದು ಇವರು ಹಿಂದಿನಿಂದ ಕೂಗಿದರು. ಸಂತೆಯೆಲ್ಲ ನಕ್ಕಿತು. ಅವರೂ ನಕ್ಕರು. ನಗುವಾಗಲೂ ಅಂಗೈಗಳನ್ನು ಮುಚ್ಚಿಕೊಂಡಿದ್ದರು.

ಅವರು ಅಗ್ನಿಶಾಮಕದಲ್ಲಿ ತರಬೇತಿ ಅಧಿಕಾರಿ. ಗದಗದ ಕಡೆಯವರು, ಕೆಲಸದ ಮೇಲೆ ಕೊಡಗಿಗೆ ಬಂದವರು. ಹೊಸದಾಗಿ ಸೇರಿದ ಹುಡುಗರಿಗೆ ಬೆಂಕಿ, ಹೊಗೆ, ನೀರು, ಹಗ್ಗದ ಪಾಠ ಹೇಳುವುದು ಅವರ ಕೆಲಸ. ಗುಡ್ಡಗಳು ಕುಸಿದ ಆ ಮಳೆಗಾಲದ ನಂತರ ಊರೂರಲ್ಲಿ ಸ್ವಯಂಸೇವಕರ ಗುಂಪು ಮಾಡಿದರಲ್ಲ, ಅವರಿಗೂ ಇವರೇ ಕಲಿಸುತ್ತಿದ್ದರು. ನಾವೆಲ್ಲ ಟ್ರೈನಿಂಗ್ ಸಾಹೇಬರು ಎನ್ನುತ್ತಿದ್ದೆವು. ಹೆಂಡತಿ ಮಕ್ಕಳು ಊರಲ್ಲೇ ಇದ್ದರು. ಇವರು ಮೂರ್ನಾಡಿನಲ್ಲಿ, ರಸ್ತೆಯಿಂದ ಕಡಿದಾದ ಮೆಟ್ಟಿಲು ಇಳಿದು ಹೋಗಬೇಕಾದ ಒಂದು ಬಾಡಿಗೆ ಮನೆಯಲ್ಲಿ ಒಬ್ಬರೇ.

ನನ್ನದು ಹಗ್ಗ, ಟಾರ್ಪಾಲು, ಏಣಿ, ಗೋಣಿಚೀಲದ ಅಂಗಡಿ. ನಮ್ಮಜ್ಜ ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಜಮೀನು ಮಾಡಿದವರು. ಆ ಜಮೀನು ಪಾಲಾಗಿ ಪಾಲಾಗಿ ನಮಗೆ ಉಳಿದದ್ದು ಬದು ಮಾತ್ರ. ಅಪ್ಪ ಅಮ್ಮ ಹೋದ ಮೇಲೆ ತಮ್ಮನ ಕೈ ಹಿಡಿದುಕೊಂಡು ಮೂರ್ನಾಡಿಗೆ ಬಂದೆ. ಎಸ್ಟೇಟುಗಳಿಂದ ಹರಿದ ಚೀಲ ತಂದು, ಹೊಲಿದು, ಅದೇ ಎಸ್ಟೇಟುಗಳಿಗೆ ತಿರುಗಿ ಮಾರಿದೆ. ಹಾಗೆ ಮಾರುವಾಗ ಕೊಳ್ಳುವವನ ಮುಖ ನೋಡಬಾರದು, ಕಾಲು ನೋಡಬೇಕು. ಬೇಡದವನ ಕಾಲು ರಸ್ತೆಯ ಕಡೆಗಿರುತ್ತದೆ. ಬೇಕಾದವನು ಬಾಯಲ್ಲಿ ಎಷ್ಟು ಬೈದರೂ ಪಾದ ಅಂಗಡಿಯ ಕಡೆಗೇ ಇರುತ್ತದೆ. ವ್ಯಾಪಾರಕ್ಕೆ ಕೂರುವ ಮಕ್ಕಳಿಗೆ ಇದನ್ನು ಮೊದಲು ಕಲಿಸಿ.

ಸಾಹೇಬರು ಮೊದಲ ಸಲ ಬಂದಾಗ ಅವರ ಕಾಲು ಅಂಗಡಿಯ ಕಡೆಗೇ ಇತ್ತು. ದಪ್ಪ ಹಗ್ಗದ ಸುರುಳಿ ತೋರಿಸಿ ನಾನು ರೇಟು ಹೇಳಿದೆ. ಎಳೆಯಲು ಜಾಗ ಬಿಟ್ಟೇ ಹೇಳಿದ್ದೆ. ಅವರು ಚೌಕಾಸಿ ಮಾಡಲೇ ಇಲ್ಲ. ಹಗ್ಗದ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, ಇನ್ನೊಂದನ್ನು ತಮ್ಮ ಸೊಂಟಕ್ಕೆ ಸುತ್ತಿ, ಅಂಗಡಿಯ ಮುಂದಿನ ಚರಂಡಿಯ ಮೇಲೆ ಹಿಂದಕ್ಕೆ ವಾಲಿ ನಿಂತರು.

"ಈಚಿ ತುದಿ ಯಾರ ಕೈಯಾಗೈತ್ರೀ ಅಕ್ಕಾರ?"

"ನನ್ನ ಕೈಯಲ್ಲಿ ಸಾರ್."

"ನೀವು ಬಿಟ್ರ?"

"ದುಡ್ಡು ಕೊಡೋ ತನಕ ಬಿಡಲ್ಲ ಸಾರ್."

ಚರಂಡಿಯ ಮೇಲೆ ವಾಲಿದ ಹಾಗೇ ಅವರು ನಕ್ಕದ್ದು ನೋಡಬೇಕಿತ್ತು. ನಾನು ನಿಜವಾಗಿ ಹೆದರಿ, ಕಾಲನ್ನು ಶಟರಿನ ಕಂಬಕ್ಕೆ ಒತ್ತಿ ಹಿಡಿದುಕೊಂಡಿದ್ದೆ. ಎದ್ದು ನಿಂತ ಮೇಲೆ ಹೇಳಿದರು: "ಹಗ್ಗ ಛಲೋ ಐತಿ. ಆದರ ನೀವು ಅದನ್ನ ಕಂಬಕ್ಕ ಒಂದು ಸುತ್ತು ಹಾಕಿ ಹಿಡೀಬೇಕಿತ್ತು. ಮನಷ್ಯಾನ ಕೈ ನಂಬಬಾರದ್ರೀ, ನಮ್ಮದಾದ್ರೂ."

ಅವರ ಪಾಠವೆಲ್ಲ ಇಷ್ಟೇ ಎಂದು ಆಮೇಲೆ ಗೊತ್ತಾಯಿತು. ಯಾರಾದರೂ ಬಾವಿಗೆ ಬಿದ್ದರೆ, ರಸ್ತೆ ಬದಿಯ ಕಡಿದಾದ ಮಣ್ಣಿನ ಬರೆ ಜಾರಿದರೆ, ಹೊಳೆಯಲ್ಲಿ ಸಿಕ್ಕಿಕೊಂಡರೆ ನಾವೇನು ಮಾಡುತ್ತೇವೆ? ಹಗ್ಗದ ಆಚೆ ತುದಿಯನ್ನು ಬಿದ್ದವನ ಕಡೆಗೆ ಎಸೆಯುತ್ತೇವೆ, ಇಲ್ಲವೇ ಸೊಂಟಕ್ಕೆ ಕಟ್ಟಿಕೊಂಡು ಇಳಿದೇಬಿಡುತ್ತೇವೆ. ಈಚೆ ತುದಿಯನ್ನು ಯಾರೋ ಹಿಡಿದುಕೊಂಡಿರುತ್ತಾರೆ ಎಂಬ ಧೈರ್ಯ. ಸಾಹೇಬರು ಉಲ್ಟಾ. ಮೊದಲು ಈಚೆ ತುದಿಯನ್ನು ಮರಕ್ಕೆ ಕಟ್ಟು, ಎಳೆದು ನೋಡು, ಇನ್ನೊಬ್ಬನ ಕೈಯಲ್ಲಿ ಎಳೆಸಿ ನೋಡು. ಆಮೇಲೆ ಬಿದ್ದವನ ಕಡೆ ತಿರುಗು. "ಈಚಿ ತುದಿ ಕಟ್ಟೀರೇನು?" ಎಂದು ದಿನಕ್ಕೆ ಲೆಕ್ಕವಿಲ್ಲದಷ್ಟು ಸಲ ಕೇಳುತ್ತಿದ್ದರು. ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಿದ್ದವನ ಬೆನ್ನಿಗೆ ಹೊಡೆದು ಕೇಳಿದ್ದೂ ಉಂಟು.

ನಮ್ಮ ಕಡೆಯವರಿಗೆ ಈ ಪಾಠ ಇಳಿಯುವುದು ಕಷ್ಟ. ಇಲ್ಲಿ ದಡದಲ್ಲಿ ನಿಂತವನಿಗೆ ಬೆಲೆಯಿಲ್ಲ. ಯಾರ ಮಗ ಇಳಿದ, ಯಾರ ಮಗ ನಿಂತು ನೋಡಿದ ಎಂಬುದನ್ನು ಮದುವೆ ಮನೆಗಳಲ್ಲಿ ವರ್ಷಗಟ್ಟಲೆ ಮಾತಾಡುತ್ತಾರೆ. ಸಾಹೇಬರು ಇದನ್ನು ಬಂದ ಹೊಸದರಲ್ಲೇ ಹಿಡಿದುಬಿಟ್ಟಿದ್ದರು. "ನಿಮ್ಮ ಜಿಲ್ಲಾದಾಗ ಎಲ್ಲಾ ಸಿಗತೈತ್ರೀ ಅಕ್ಕಾರ. ಕಾಫಿ, ಮೆಣಸು, ಜೇನು. ಅಂಜುಬುರುಕರದ್ದು ಒಂದ ಬರ" ಎನ್ನುತ್ತಿದ್ದರು.

ತಮ್ಮನನ್ನು ಅವರ ಗುಂಪಿಗೆ ಸೇರಿಸಿದ್ದು ನಾನೇ. ಅದೂ ಒಂದು ವ್ಯಾಪಾರ. ತರಬೇತಿಯ ಹಗ್ಗವನ್ನೆಲ್ಲ ಅಸಲಿಗೆ ಕೊಡುತ್ತೇನೆ, ಬದಲಿಗೆ ಇವನನ್ನು ಸೇರಿಸಿಕೊಳ್ಳಿ ಎಂದೆ.

"ಯಾಕ, ಮನ್ಯಾಗ ಕಾಟ ಕೊಡ್ತಾನೇನು?"

"ಕಾಟ ಅಲ್ಲ ಸಾರ್. ಧೈರ್ಯ ಜಾಸ್ತಿ. ಅದಕ್ಕೊಂದು ಕೆಲಸ ಬೇಕು."

"ಧೈರ್ಯ ಇರೋರನ್ನ ಕಂಡ್ರ ನನಗ ಅಂಜಿಕಿ" ಎಂದರು. "ಇರಲಿ, ಕಳಸ್ರಿ."

ತಮ್ಮ ಮೆಣಸು ಕುಯ್ಯುವುದರಲ್ಲಿ ಹೆಸರು ಮಾಡಿದವನು. ಮೆಣಸಿನ ಬಳ್ಳಿ ಹಬ್ಬಿಸುವ ಸಿಲ್ವರ್ ಮರದ ತುದಿಯಲ್ಲಿ ನಿಂತು ಬೀಡಿ ಹಚ್ಚುವಂಥ ಜನ. ಗುಂಪಿನಲ್ಲಿ ಅವನಷ್ಟು ಚುರುಕಾಗಿ ಇಳಿಯುವವರು, ಹತ್ತುವವರು ಇರಲಿಲ್ಲ. ಸಾಹೇಬರು ಅವನನ್ನು ಒಂದು ಸಲವೂ ಇಳಿಸಲಿಲ್ಲ. ಪ್ರತಿ ಸಲವೂ ಮೇಲೆ, ಮರದ ಪಕ್ಕ, ಹಗ್ಗದ ಈಚೆ ತುದಿಯ ಹತ್ತಿರ ನಿಲ್ಲಿಸುತ್ತಿದ್ದರು. ಇವನ ಜೀವದ ಗೆಳೆಯ ಬಿಜು ಎಂಬ ಪಂಪ್‌ಸೆಟ್ ಮೆಕ್ಯಾನಿಕ್. ಮನೆಯಲ್ಲಿ ಮಲಯಾಳ, ಅಂಗಡಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಅವನು ಗುಂಪಿಗೆ ಸೇರಿರಲಿಲ್ಲ. ಭಾನುವಾರ ಶಾಲೆಯ ಮೈದಾನದ ಬೇಲಿಯ ಮೇಲೆ ಕೂತು ತಮಾಷೆ ನೋಡುತ್ತಿದ್ದ.

"ಎಡಾ, ನಿನ್ನ ಸಾರ್ ನಿನ್ನ ಬೇಲಿ ಕಂಬ ಮಾಡಿಬಿಟ್ರಲ್ಲಾ! ಚೇಚಿ, ಇವನಿಗೊಂದು ದನ ಕಟ್ಟಿ!" ಎಂದು ಅಕ್ಕನಾದ ನನಗೂ ಕೇಳುವಂತೆ ಕೂಗುತ್ತಿದ್ದ.

ತಮ್ಮ ಮನೆಗೆ ಬಂದು ನನ್ನ ಮೇಲೆ ಹರಿಹಾಯುತ್ತಿದ್ದ. ನಾನು ಹೋಗಿ ಸಾಹೇಬರನ್ನು ಕೇಳಿದೆ. "ಇಳಿಯೋ ಮಂದಿ ಬೇಕಾದಷ್ಟು ಅದಾರ" ಎಂದರು. "ನಿಲ್ಲೋನು ಬೇಕು ನನಗ. ಕೈಲಾಗದೋನು ನಿಂತ್ರ ಅದೇನ್ ದೊಡ್ಡದು? ಇಳಿಯಾಕ ಬರೋನು ನಿಲ್ಲಬೇಕು."

ಮೈದಾನದಲ್ಲಿ ಅವರು ಬೇರೆಯೇ ಮನುಷ್ಯ. ನನ್ನ ಅಂಗಡಿಯ ಚೀಲಕ್ಕೆ ಕಾಫಿ ಹೊಟ್ಟು ತುಂಬಿ, ಕೈಕಾಲು ಹೊಲಿಸಿ, ಗಾಯಾಳು ಮಾಡಿದ್ದರು. ಅದಕ್ಕೆ ಬೀಗರು ಎಂದು ಹೆಸರಿಟ್ಟಿದ್ದರು. ಹುಡುಗರು ಅದನ್ನು ಸ್ಟ್ರೆಚರಿಗೆ ಕಟ್ಟಿ ಬರೆಯಿಂದ ಮೇಲೆ ಎಳೆಯುವಾಗ ಕೆಳಗಿನಿಂದ ಕೂಗುತ್ತಿದ್ದರು: "ಬೀಗರನ್ನ ಹುಷಾರಿ ತರ್ರೀ! ಎಲ್ಲೆರ ಬಡಿಸಿದ್ರ ಮದಿವಿ ಮುರೀತೈತಿ!" ಬೀಗರು ಒಂದು ಸಲ ಕೈ ಕಳೆದುಕೊಂಡರು, ಇನ್ನೊಂದು ಸಲ ಹೊಟ್ಟೆ ಹರಿದು ಹೊಟ್ಟೆಲ್ಲ ಸುರಿಯಿತು. ನಾನು ಹೊಲಿದುಕೊಡುವಾಗ ಸಾಹೇಬರು ಪಕ್ಕದಲ್ಲಿ ನಿಂತು, "ನೋವಾಗದಂಗ ಹೊಲೀರಿ ಅಕ್ಕಾರ" ಎನ್ನುತ್ತಿದ್ದರು.

ಕಾಫಿ ಹಣ್ಣಿನ ಕಾಲ. ಬಾಳೆಲೆ ಊರಿನ ಕಡೆಯ ಒಂದು ಎಸ್ಟೇಟಿಗೆ ಕಣಕ್ಕೆ ಹಾಸುವ ಟಾರ್ಪಾಲು ಕೊಡಲು ಬೆಳಿಗ್ಗೆ ಜೀಪಿನಲ್ಲಿ ಹೊರಟೆವು. ತಮ್ಮ ಓಡಿಸುತ್ತಿದ್ದ. ಬೇಸಿಗೆಯ ಕಾಡುಬೆಂಕಿಗೆ ಮೊದಲು ಎಸ್ಟೇಟುಗಳ ನೀರಿನ ಟ್ಯಾಂಕು ನೋಡಿಬರಬೇಕು ಎಂದು ಸಾಹೇಬರೂ ಹತ್ತಿಕೊಂಡರು. ದಾರಿಯುದ್ದಕ್ಕೂ ತಮ್ಮ ಅವರ ಜೊತೆ ಜಗಳವಾಡಿದ. ಮುಂದಿನ ಭಾನುವಾರವಾದರೂ ಇಳಿಸುತ್ತೀರೋ ಇಲ್ಲವೋ ಹೇಳಿ ಎಂದು. "ಜೀಪ್ ನೋಡಿ ಹೊಡಿ, ಇಲ್ಲಾಂದ್ರ ನಮ್ಮನ್ನ ಇವತ್ತ ಇಳಸ್ತಿ" ಎಂದರು ಅವರು. ಬಿಜು ಆಗಲೇ ಆ ಎಸ್ಟೇಟಿನಲ್ಲಿದ್ದ. ಪಲ್ಪರ್ ಮನೆಯ ಹಿಂದಿನ ಗುಂಡಿಯ ಪಂಪು ಕೆಟ್ಟಿದೆ ಎಂದು ಕರೆಸಿಕೊಂಡಿದ್ದರು.

ಕಾಫಿ ಹಣ್ಣಿನ ಸಿಪ್ಪೆ ಸುಲಿದ ನೀರು ಹೋಗಿ ತುಂಬುವ ಗುಂಡಿ ಅದು. ಮೇಲೆ ಚಪ್ಪಡಿ ಮುಚ್ಚಿರುತ್ತಾರೆ. ಒಳಗೆ ಆ ನೀರು ಕೊಳೆತು ಗ್ಯಾಸಾಗುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಇದನ್ನು ಓದುತ್ತಿರುವವರ ಮನೆಯಲ್ಲಿ ಅಂಥ ಗುಂಡಿ ಇದ್ದರೆ ಓದುವುದನ್ನು ನಿಲ್ಲಿಸಿ, ಹೋಗಿ, ಮುಚ್ಚಳ ತೆಗೆದವನು ತಕ್ಷಣ ಇಳಿಯಬಾರದು ಎಂದು ಕೆಲಸದವರಿಗೆ ಹೇಳಿ ಬನ್ನಿ. ನಾನು ಕಾಯುತ್ತೇನೆ.

ನಾವು ಕಣದಲ್ಲಿ ಟಾರ್ಪಾಲು ಇಳಿಸುತ್ತಿದ್ದಾಗ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಓಡಿಬಂದ. ಕೂಲಿಯವರ ಲೈನ್‌ಮನೆಯ ಕೆಲಸದವನೊಬ್ಬ ಪಂಪಿನ ಪೈಪು ಬಿಡಿಸಲು ಗುಂಡಿಗೆ ಇಳಿದವನು ಮಾತಾಡುತ್ತಿಲ್ಲವಂತೆ. ಅವನನ್ನು ಎತ್ತುತ್ತೇನೆ ಎಂದು ಬಿಜು ಇಳಿದನಂತೆ. ಅವನೂ ಮಾತಾಡುತ್ತಿಲ್ಲವಂತೆ.

ತಮ್ಮ ಟಾರ್ಪಾಲು ಬಿಸಾಕಿ ಓಡಿದ. ಸಾಹೇಬರು ಜೀಪಿನಿಂದ ಹಗ್ಗದ ಸುರುಳಿ ಎತ್ತಿಕೊಂಡು ಅವನ ಹಿಂದೆ. ಆ ವಯಸ್ಸಿನ ಮನುಷ್ಯ ಹಾಗೆ ಓಡಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ನಾನು ಗುಂಡಿಯ ಹತ್ತಿರ ಬರುವಷ್ಟರಲ್ಲಿ ತಮ್ಮನ ಒಂದು ಕಾಲು ಆಗಲೇ ಏಣಿಯ ಮೇಲಿತ್ತು. ಸಾಹೇಬರು ಅವನ ಕಾಲರ್ ಹಿಡಿದು ಹಿಂದಕ್ಕೆ ಎಳೆದು ನೆಲಕ್ಕೆ ಕೆಡವಿದರು. ಎದೆಯ ಮೇಲೆ ಮಂಡಿ ಊರಿದರು.

"ಬಿಡ್ರೀ! ಬಿಜು ಒಳಗಿದಾನೆ! ಬಿಡ್ರೀ!"

"ಇಳೀಬ್ಯಾಡ."

"ಅವನ ತಲೆ ಕಾಣ್ತಿದೆ ಸಾರ್! ಇಲ್ಲೇ ಕಾಣ್ತಿದೆ!"

"ಕಾಣಲಿ. ಇಳೀಬ್ಯಾಡ."

ನಾಲ್ಕು ಜನ ಕೆಲಸದವರಿಗೆ ಹೇಳಿ ತಮ್ಮನನ್ನು ಹಿಡಿಸಿದರು. ನನ್ನ ಕಡೆಗೂ ನೋಡಿ, "ಅಕ್ಕಾರ, ಇವನ ಕಾಲ ಮ್ಯಾಲ ಕುಂದರ್ರಿ" ಎಂದರು. ನಾನು ಕೂತೆ. ಹೆತ್ತವರಿಲ್ಲದೆ ಬೆಳೆಸಿದ ತಮ್ಮನ ಕಾಲ ಮೇಲೆ ಮೈಭಾರವೆಲ್ಲ ಹಾಕಿ ಕೂತೆ. ಅವನು ನನ್ನನ್ನು ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ.

ಸಾಹೇಬರು ಅವಸರ ಮಾಡಲಿಲ್ಲ ಎಂದು ಆಮೇಲೆ ಜನ ಹೇಳಿದರು. ಅದು ಸುಳ್ಳು. ಅವರು ಒಂದು ಕ್ಷಣವೂ ಸುಮ್ಮನೆ ನಿಲ್ಲಲಿಲ್ಲ. ಫೋನು ಮಾಡಿ ಉಸಿರಾಟದ ಸಿಲಿಂಡರಿನ ಜೊತೆ ಗಾಡಿ ಕಳಿಸಲು ಹೇಳಿದರು. ಹಗ್ಗದ ಈಚೆ ತುದಿಯನ್ನು ಸಿಲ್ವರ್ ಮರಕ್ಕೆ ಕಟ್ಟಿದರು. ಕಟ್ಟಿ, ಎಳೆದು ನೋಡಿದರು. ಆ ಹೊತ್ತಿನಲ್ಲೂ ಎಳೆದು ನೋಡಿದರು. ಎರಡನೆಯ ಚಪ್ಪಡಿ ತೆಗೆಸಿದರು. ಔಷಧಿ ಹೊಡೆಯುವ ಬ್ಲೋವರ್ ತರಿಸಿ, ಅದರ ಪೈಪನ್ನು ಗುಂಡಿಗೆ ಬಿಟ್ಟು ಗಾಳಿ ಹೊಡೆಸಿದರು. ಲೈನ್‌ಮನೆಯ ಬಾವಿಯಿಂದ, ಬಿದ್ದ ಕೊಡ ಎತ್ತುವ ಪಾತಾಳಗರಡಿ ತರಿಸಿ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟರು. ಮೊದಲ ಸಲ ತಪ್ಪಿತು. ಎರಡನೆಯ ಸಲ ಕೆಲಸದವನ ಸೊಂಟದ ಬೆಲ್ಟಿಗೆ ಸಿಕ್ಕಿತು. ಅವನು ಪೈಪಿಗೆ ಒರಗಿ ಏಣಿಯ ಮೇಲಿನ ಮೆಟ್ಟಿಲಲ್ಲೇ ಸಿಕ್ಕಿಕೊಂಡಿದ್ದ. ಮೇಲೆ ಬಂದಾಗ ಉಸಿರಿತ್ತು. ಬದುಕಿದ.

ಬಿಜು ಅವನಿಗಿಂತ ಕೆಳಗೆ ಜಾರಿದ್ದ. ಕೊಕ್ಕೆ ಅವನ ಅಂಗಿಗೆ ಸಿಕ್ಕಿ ಅಂಗಿ ಹರಿಯಿತು. ಮತ್ತೆ ಬಿಟ್ಟರು. ಸಿಲಿಂಡರಿನ ಗಾಡಿ ಬರುವಷ್ಟರಲ್ಲಿ ಅವನನ್ನು ಎತ್ತಿಯಾಗಿತ್ತು. ಎತ್ತಿ ಪ್ರಯೋಜನವಿರಲಿಲ್ಲ. ಸಾಹೇಬರು ಅವನ ಎದೆಯನ್ನು ಒತ್ತುತ್ತಲೇ ಇದ್ದರು, ಗಾಡಿಯವರು ಅವರ ಭುಜ ಹಿಡಿದು ಎಬ್ಬಿಸುವ ತನಕ.

ಆಗ ನಾನು ತಮ್ಮನ ಕಾಲ ಮೇಲಿಂದ ಎದ್ದೆ. ಅವನು ಏಳಲಿಲ್ಲ. ಮಲಗಿದಲ್ಲಿಂದಲೇ ಹೇಳಿದ: "ನಾನು ಹೋಗಿದ್ರೆ ಎತ್ತುತ್ತಿದ್ದೆ."

ಊರು ಆ ಮಾತನ್ನೇ ಹಿಡಿದುಕೊಂಡಿತು. ಮೂರ್ನಾಡಿನ ಹೋಟೆಲಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಅದೇ. ಟ್ರೈನಿಂಗ್ ಸಾಹೇಬ ದಡದಲ್ಲಿ ನಿಂತು ನೋಡಿದ. ತಾನೂ ಇಳಿಯಲಿಲ್ಲ, ಇಳಿಯುವವನನ್ನೂ ಬಿಡಲಿಲ್ಲ. ಹೊರಗಿನವನಿಗೆ ನಮ್ಮ ಹುಡುಗರ ಜೀವದ ಬೆಲೆ ಏನು ಗೊತ್ತು. ಗ್ಯಾಸಿನ ವಿಷಯ ತಿಳಿದವರೂ ಆ ಮಾತಿಗೆ ತಲೆಯಾಡಿಸುತ್ತಿದ್ದರು, ಯಾಕೆಂದರೆ ತಲೆಯಾಡಿಸುವುದು ಸುಲಭ.

ಸಾಹೇಬರು ಬಿಜು ಮನೆಗೆ ಹೋದರು. ಬೇಡ ಸಾರ್ ಎಂದರೂ ಕೇಳಲಿಲ್ಲ, ಹಾಗಾಗಿ ನಾನೂ ಜೊತೆಗೆ ಹೋದೆ. ಬಿಜುವಿನ ತಾಯಿ ಜಗಲಿಯಲ್ಲಿ ಕೂತಿದ್ದರು. ಅಳುತ್ತಿರಲಿಲ್ಲ. ಸಾಹೇಬರನ್ನು ಕಾಲಿನಿಂದ ತಲೆಯ ತನಕ ನೋಡಿ, ತಮ್ಮ ಕನ್ನಡದಲ್ಲಿ ನಿಧಾನವಾಗಿ ಕೇಳಿದರು: "ನಿಮಗೆ ಇಳಿಯೋಕೆ ಗೊತ್ತುಂಟಲ್ಲಾ ಸಾರ್? ಮತ್ತೆ ಯಾಕೆ ಇಳಿಲಿಲ್ಲ?"

ನಾನು ಬಾಯಿ ತೆರೆದೆ. ಸಾಹೇಬರು ಕೈ ಅಡ್ಡ ಮಾಡಿದರು.

"ಗೊತ್ತೈತಿ ತಾಯಿ. ಇಳಿಲಿಲ್ಲ" ಎಂದರು. ಅಷ್ಟೇ. ಕೈ ಮುಗಿದು ಹೊರಟರು.

ದಾರಿಯಲ್ಲಿ ನಾನು ಸುಮ್ಮನಿರಲಿಲ್ಲ. ಸಾರ್, ಹೀಗಾದರೆ ನೀವು ಕೆಡುತ್ತೀರಿ. ಗ್ಯಾಸ್ ಅಂತ ಹೇಳಿ. ಇಳಿದಿದ್ದರೆ ಇನ್ನೂ ಇಬ್ಬರು ಹೋಗುತ್ತಿದ್ದರು ಅಂತ ಹೇಳಿ. ಪೇಪರಿನವರನ್ನು ನಾನೇ ಕರೆಸುತ್ತೇನೆ. ಮಾತಾಡದವನ ಸರಕು ಕೊಳೆಯುತ್ತದೆ ಸಾರ್. ಇಷ್ಟೆಲ್ಲ ಹೇಳಿದೆ.

"ಸತ್ತವನ ತಾಯಿ ಮುಂದ ನಾ ಶಾಣ್ಯಾ ಆಗೂದು ಬ್ಯಾಡ್ರೀ" ಎಂದರು.

ಹಾಗಾದರೆ ನನ್ನ ಮಾತನ್ನಾದರೂ ಕೇಳಿ, ನನ್ನ ತಮ್ಮ ಬದುಕಿದ್ದಾನೆ, ನಿಮ್ಮ ಕಾಲಿಗೆ ಬೀಳುತ್ತೇನೆ ಎಂದೆ. ಅವರು ರಸ್ತೆಯಲ್ಲೇ ನಿಂತುಬಿಟ್ಟರು. "ಅಕ್ಕಾರ, ಆ ಮಾತು ಎಂದೂ ಜೋರಾಗಿ ಆಡಬ್ಯಾಡ್ರಿ. ಆ ಮನೀಗೆ ಕೇಳತೈತಿ."

ಇಷ್ಟು ವರ್ಷ ನಾನು ಆ ಮಾತು ಆಡಿರಲಿಲ್ಲ. ಈಗ ಬರೆಯುತ್ತಿದ್ದೇನೆ. ಬಿಜುವಿನ ತಾಯಿಗೆ ಹೇಳಿಯೇ ಬರೆಯುತ್ತಿದ್ದೇನೆ. "ಬರಿ ಮೋಳೇ" ಎಂದರು, ಮಗಳೇ ಎಂದು ಕರೆದು.

ತಮ್ಮ ಗುಂಪು ಬಿಟ್ಟ. ಸಾಹೇಬರ ಮನೆಯ ರಸ್ತೆ ಬಿಟ್ಟ. ಅಂಗಡಿಗೆ ಬರಲು ಆ ರಸ್ತೆಯೇ ಹತ್ತಿರ. ಇವನು ಹಿಂದಿನ ತೋಟದ ದಾರಿಯಲ್ಲಿ ಸುತ್ತಿ, ಜಿಗಣೆ ಹತ್ತಿಸಿಕೊಂಡು ಬರುತ್ತಿದ್ದ. ಸಾಹೇಬರು ಅಂಗಡಿಗೆ ಬಂದರೆ ಇವನು ಗೋದಾಮಿಗೆ ಹೋಗುತ್ತಿದ್ದ. ಅವರು ಕೌಂಟರಿನಲ್ಲಿ ನಿಂತು, ಗೋದಾಮಿನ ಬಾಗಿಲ ಕಡೆ ನೋಡದೆ, ಸಣ್ಣ ದನಿಯಲ್ಲಿ ಕೇಳುತ್ತಿದ್ದರು: "ಊಟಾ ಮಾಡ್ತಾನೇನು?"

"ಮಾಡ್ತಾನೆ ಸಾರ್."

"ಮೆಣಸಿನ ಮರಾ ಹತ್ತತಾನೇನು?"

"ಹತ್ತಲ್ಲ ಸಾರ್."

ನಾನು ಬೇಲಿ ತಕರಾರು ಬಗೆಹರಿಸಿದವಳು. ಮಾತು ಬಿಟ್ಟ ಅಣ್ಣತಮ್ಮಂದಿರನ್ನು ಒಂದೇ ಟಾರ್ಪಾಲಿನ ಎರಡು ತುದಿ ಹಿಡಿಸಿ ಮಾತಾಡಿಸಿದವಳು. ಎರಡೂ ಕಡೆಯವರಿಗೆ ತಾವೇ ಗೆದ್ದೆವು ಅನ್ನಿಸಬೇಕು, ರಾಜಿಯ ಗುಟ್ಟು ಅದೇ. ಇವರಿಬ್ಬರ ನಡುವೆ ಮಾತ್ರ ನನ್ನ ಯಾವ ಯುಕ್ತಿಯೂ ನಡೆಯಲಿಲ್ಲ. ಗೆಲ್ಲಬೇಕು ಎಂದು ಇಬ್ಬರಿಗೂ ಇರಲಿಲ್ಲವಲ್ಲ. ಒಮ್ಮೆ ತಮ್ಮನಿಗೆ, "ನೀನು ಹೋಗಿದ್ದರೆ ಎರಡು ಹೆಣ ಬರುತ್ತಿತ್ತು ಕಣೋ" ಎಂದೆ. ಅವನು ತಟ್ಟೆಯಿಂದ ತಲೆಯೆತ್ತದೆ, "ಇರಬಹುದು. ನನ್ನ ಕಾಲ ಮೇಲೆ ಕೂತವಳು ನೀನು, ನಿನಗೆ ಹಾಗೆ ಅನ್ನಿಸಲೇಬೇಕು" ಎಂದ.

ಅಂಗೈ ವಿಷಯ ಸಾಹೇಬರು ಹೇಳಿದ್ದು ಆಮೇಲೆ, ನಿವೃತ್ತಿಯಾದ ಮೇಲೆ. ನಿವೃತ್ತಿಯ ನಂತರ ಊರಿಗೆ ಹೋಗುತ್ತಾರೆ ಅಂದುಕೊಂಡಿದ್ದೆವು. ಹೋಗಲಿಲ್ಲ. ಕರೆದ ಎಸ್ಟೇಟಿಗೆಲ್ಲ ಹೋಗಿ, ಕರೆಯದ ಎಸ್ಟೇಟಿಗೂ ಹೋಗಿ, ಪಲ್ಪರ್ ಗುಂಡಿಗಳ ಮುಂದೆ ನಿಂತು ಪಾಠ ಹೇಳುತ್ತಿದ್ದರು. ಕಕ್ಕಬೆಯ ಹೋಂಸ್ಟೇಯವರು ತೊರೆ ದಾಟಿಸುವ ಹಗ್ಗ ಕಟ್ಟಲು ಅವರನ್ನು ಕರೆಯುತ್ತಿದ್ದರು. ಒಂದು ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿಯಿರಲಿಲ್ಲ. ಮೆಟ್ಟಿಲ ಮೇಲೆ ಕೂತು ಬೆರಳ ತುದಿಯಲ್ಲಿ ಲೋಟ ಹಿಡಿದಿದ್ದರು. ನಾನು ಕೇಳಿಯೇಬಿಟ್ಟೆ.

ಬೇರೆ ಜಿಲ್ಲೆಯಲ್ಲಿ, ಅವರಿನ್ನೂ ಹೊಸ ತರಬೇತುದಾರರಾಗಿದ್ದಾಗ, ಅಭ್ಯಾಸದ ಗೋಡೆಯಿಂದ ಒಬ್ಬ ಹುಡುಗನನ್ನು ಹಗ್ಗದಲ್ಲಿ ಇಳಿಸಬೇಕಿತ್ತು. ಬಹಳ ಧೈರ್ಯದ ಹುಡುಗ. ಇವರು ಈಚೆ ತುದಿ ಕಟ್ಟುವ ಮೊದಲೇ, ಕಟ್ಟಿಯಾಗಿದೆ ಅಂದುಕೊಂಡು ಹಾರಿದ. ಓಡುತ್ತಿದ್ದ ಹಗ್ಗವನ್ನು ಇವರು ಬರಿಗೈಯಲ್ಲಿ ಹಿಡಿದರು. ಹಗ್ಗ ಅಂಗೈಯ ಚರ್ಮ ತೆಗೆದುಕೊಂಡು ಹೋಯಿತು. ಹುಡುಗ ಉಳಿಯಲಿಲ್ಲ.

"ಕೈ ಸುಟ್ರೂ ಬಿಡಲಿಲ್ಲ ಅಂತ ಅವತ್ತ ಎಲ್ಲಾರೂ ನನ್ನ ಹೊಗಳಿದ್ರು ನೋಡ್ರಿ" ಎಂದರು. "ಬಾಳೆಲ್ಯಾಗ ಒಬ್ಬನ್ನ ಹಿಡದೆ. ಅವತ್ತ ಎಲ್ಲಾರೂ ಉಗುಳಿದ್ರು. ಹಿಂಗ ಐತಿ ನೋಡ್ರಿ ನಮ್ಮ ಕೆಲಸ."

ಲೋಟ ಕೆಳಗಿಟ್ಟರು. ನಾನು ಕೇಳದೆಯೇ ಇನ್ನೊಂದು ಮಾತು ಹೇಳಿದರು. "ಬ್ಲೋವರ್ ಹಚ್ಚಿದ ಮ್ಯಾಲ ನಿಮ್ಮ ತಮ್ಮಗ ಹಗ್ಗಾ ಕಟ್ಟಿ ಇಳಸಬಹುದಿತ್ತೇನೋ. ಗಾಳಿ ಆಡಿತ್ತೇನೋ. ಇರಾಕಿಲ್ಲೇನೋ. ಗೊತ್ತಿಲ್ರೀ ಅಕ್ಕಾರ. ದಿನಾ ಲೆಕ್ಕಾ ಹಾಕತೇನಿ. ಬಗೀಹರಿಯಂಗಿಲ್ಲ."

ಗೋದಾಮಿನ ಒಳಗೆ ಚೀಲ ಎತ್ತಿಡುವ ಸದ್ದು ನಿಂತುಹೋಗಿತ್ತು. ತಮ್ಮ ಒಳಗಿದ್ದ. ಎಷ್ಟು ಕೇಳಿಸಿಕೊಂಡನೋ ನಾನು ವಿಚಾರಿಸಲಿಲ್ಲ.

ಆ ದಿನದಿಂದ ನನ್ನ ಅಂಗಡಿಯಲ್ಲಿ ಹಗ್ಗ ಕೊಂಡವರಿಗೆ ಒಂದು ಜೊತೆ ಚರ್ಮದ ಗ್ಲೌಸು ಸುಮ್ಮನೆ ಕೊಡುತ್ತೇನೆ. ಹಗ್ಗಕ್ಕೆ ಬೇಕಾದರೆ ಚೌಕಾಸಿ ಮಾಡಿ, ಗ್ಲೌಸಿಗೆ ದುಡ್ಡು ಕೊಡಲು ಬರಬೇಡಿ. ಹಗ್ಗ ಕೊಳ್ಳುವಾಗ ಹೊಳಪು ನೋಡಿ ಮರುಳಾಗಬೇಡಿ, ತೀರಾ ನುಣುಪಾದದ್ದರಲ್ಲಿ ಗಂಟು ಜಾರುತ್ತದೆ. ಗೊಬ್ಬರದ ಚೀಲದ ಪಕ್ಕ ಇಡಬೇಡಿ. ಒಮ್ಮೆ ಮನುಷ್ಯನ ಭಾರ ಹೊತ್ತು ಝಾಡಿಸಿದ ಹಗ್ಗವನ್ನು ದನ ಕಟ್ಟಲು ಇಟ್ಟುಕೊಳ್ಳಿ, ಮತ್ತೆ ಮನುಷ್ಯನಿಗೆ ಕಟ್ಟಬೇಡಿ. ಇದೆಲ್ಲ ಅವರು ಕಲಿಸಿದ್ದು.

ಈ ಮಳೆಗಾಲದಲ್ಲಿ ಅವರು ಹೋದರು. ಎಷ್ಟೋ ವರ್ಷ ಕುಡಿದ ಹೊಗೆ ಎದೆಯಲ್ಲಿ ಕೂತಿತ್ತು. ಕೆಮ್ಮಿ ಕೆಮ್ಮಿ ಸೊರಗಿದ್ದರು. ಆಸ್ಪತ್ರೆಗೆ ಸೇರಿಸಿದರೆ ಎರಡೇ ದಿನಕ್ಕೆ ಹಟ ಮಾಡಿ ಮನೆಗೆ ಬಂದರು. ಬೆಳಿಗ್ಗೆ ಗಂಜಿ ಕೊಡಲು ಹೋದಾಗ ಗೋಡೆಗೆ ಒರಗಿ ಕೂತ ಹಾಗೇ ಇದ್ದರು. ಅಂಗೈಗಳು ಮೊದಲ ಸಲ ತೆರೆದುಕೊಂಡಿದ್ದವು.

ಊರಿಂದ ಮಗ ಬಂದ, ಆಂಬುಲೆನ್ಸ್ ಬಂತು. ರಸ್ತೆಯಲ್ಲಿ ನಿಂತು ಕೆಳಗೆ ನೋಡಿದರೆ ಆ ಮೆಟ್ಟಿಲುಗಳು ಪಾಚಿ ಕಟ್ಟಿ, ಮೇಲಿನ ಬರೆಯ ಮಣ್ಣು ಜಾರಿ, ಅರ್ಧ ಮುಚ್ಚಿಹೋಗಿದ್ದವು. ಮಳೆ ಬಿಟ್ಟಿರಲಿಲ್ಲ. ಅವರಿಂದ ಕಲಿತ ಹುಡುಗರು ಬಂದಿದ್ದರು. ಉಗುಳಿದವರೂ ಬಂದಿದ್ದರು. ಬಿಜುವಿನ ತಾಯಿ ರಸ್ತೆಯ ಆಚೆ ಬದಿಯಲ್ಲಿ ಕೊಡೆ ಹಿಡಿದು ನಿಂತಿದ್ದರು. ಹುಡುಗರು ಎಂದಿನ ಅವಸರದಲ್ಲಿ, ನಾವೇ ಹೊತ್ತು ತರುತ್ತೇವೆ ಎಂದು ಸ್ಟ್ರೆಚರ್ ಹಿಡಿದು ಇಳಿಯಲು ಹೊರಟರು.

"ನಿಲ್ಲಿ" ಎಂದಿತು ಹಿಂದಿನಿಂದ ಒಂದು ದನಿ.

ತಮ್ಮ. ಹಿಂದಿನ ತೋಟದ ದಾರಿಯಲ್ಲಲ್ಲ, ರಸ್ತೆಯಲ್ಲೇ ಬಂದಿದ್ದ. ಹೆಗಲಲ್ಲಿ ನಮ್ಮ ಅಂಗಡಿಯ ಹಗ್ಗದ ಸುರುಳಿ. ಯಾರ ಮುಖವನ್ನೂ ನೋಡದೆ ರಸ್ತೆ ಬದಿಯ ಹಲಸಿನ ಮರಕ್ಕೆ ಎರಡು ಸುತ್ತು ಹಾಕಿ ಈಚೆ ತುದಿ ಕಟ್ಟಿದ. ಮೈಭಾರ ಬಿಟ್ಟು ಎಳೆದ. ಪಕ್ಕದವನಿಗೆ, "ನೀನೂ ಎಳಿ" ಎಂದ. ಆಮೇಲೆ ಆಚೆ ತುದಿಯನ್ನು ಇಳಿಯುವವರಿಗೆ ಕೊಟ್ಟ.

ಹುಡುಗರು ಅವನ ಕಡೆ ನೋಡಿದರು. ಹೆಗಲು ಕೊಡಲು ಇವನೂ ಇಳಿಯುತ್ತಾನೆ ಅಂದುಕೊಂಡಿದ್ದರೇನೋ. ನಾನೂ ಹಾಗೇ ಅಂದುಕೊಂಡೆ. ಇಳಿಯಲಿಲ್ಲ. ಮರದ ಪಕ್ಕ ಕಾಲು ಅಗಲಿಸಿ ನಿಂತು, ತಿರುಗಿ ನೋಡದೆ ನನ್ನ ಕಡೆಗೆ ಕೈ ಚಾಚಿದ.

"ಅಕ್ಕ, ಗ್ಲೌಸ್."

ತಂದಿದ್ದೆ. ಕೊಟ್ಟೆ.

ಕೆಳಗಿನಿಂದ ಹಗ್ಗ ಬಿಗಿಯಾಯಿತು. ಇವನು ಒಂದೊಂದೇ ಮಾರು ಒಳಗೆಳೆದುಕೊಳ್ಳುತ್ತಾ, ಮರಕ್ಕೆ ಸುತ್ತುತ್ತಾ ಬಂದ. ನಡುವೆ ಯಾರದೋ ಕಾಲು ಜಾರಿ ಸ್ಟ್ರೆಚರ್ ವಾಲಿತು. ರಸ್ತೆಯಲ್ಲಿದ್ದವರೆಲ್ಲ ಅಯ್ಯೋ ಎಂದರು. ಹಗ್ಗ ಒಂದಿಂಚೂ ಕದಲಲಿಲ್ಲ. ಆಗ ತಮ್ಮ ಬಾಯಿ ಬಿಟ್ಟ. ಅಷ್ಟು ವರ್ಷ ಅವರ ಹೆಸರೆತ್ತದಿದ್ದವನು, ಅವರದೇ ಧಾಟಿಯಲ್ಲಿ, ಗಂಟಲು ಹರಿಯುವ ಹಾಗೆ ಕೂಗಿದ:

"ಹುಷಾರಿ ತರ್ರೋ! ಬೀಗರನ್ನ ಹುಷಾರಿ ತರ್ರೀ!"

ಯಾರೂ ನಗಲಿಲ್ಲ. ಕೆಳಗಿನ ಹುಡುಗರು ಒಂದು ಕ್ಷಣ ನಿಂತು, ಕಾಲೂರಿಕೊಂಡು, ಮತ್ತೆ ಹತ್ತತೊಡಗಿದರು.